ಮಾದರಿ ಪುಣೆಗೆ ಹೋಗಿದೆ, ಅಂದರೆ ಯಾರ ಕೈಗೆ ಹೋಗಿದೆ?

‘ಮಾದರಿಯನ್ನು ಪುಣೆಗೆ ಕಳುಹಿಸಲಾಗಿದ್ದು, ವರದಿ ಬರಬೇಕಿದೆ.’ ಕನ್ನಡ ಪತ್ರಿಕೆ ಓದುವವರಿಗೆ ಈ ಸಾಲು ಬಾಯಿಪಾಠವಾಗಿರಬೇಕು. ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೂ ಇದೇ ಸಾಲು, ಕೇರಳದಲ್ಲಿ ನಿಫಾ ಶಂಕೆ ಎದ್ದರೂ ಇದೇ ಸಾಲು. ಇಂಥ ದಿನಗಳಲ್ಲಿ ಪುಣೆಯ ಕನ್ನಡಿಗರಿಗೆ ಊರಿಂದ ಫೋನ್ ಬರುವುದೂ ಮಾಮೂಲು. ‘ರಿಪೋರ್ಟ್ ನಿಮ್ಮೂರಲ್ಲೇ ಇದೆಯಂತಲ್ಲ, ಏನಾಯ್ತು ಅಂತ ಸ್ವಲ್ಪ ವಿಚಾರಿಸ್ತೀಯಾ?’ ಅಲ್ಲಿರುವವರಿಗೂ ಆ ಲ್ಯಾಬ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಓದುಗರ ಗೊಂದಲ ಮೂರು ಬಗೆಯದು. ಶಿವಮೊಗ್ಗದ ರಕ್ತ ಪುಣೆಗೆ ಯಾಕೆ ಹೋಗಬೇಕು? ಅಲ್ಲಿ ಇಷ್ಟು ದಿನ ಏನು ಮಾಡುತ್ತಾರೆ? ಬೆಂಗಳೂರಿನಂಥ ಊರಲ್ಲಿ ಅಂಥದೇ ಲ್ಯಾಬ್ ಯಾಕಿಲ್ಲ? ಮೂರನ್ನೂ ಕೆದಕುತ್ತಾ ಹೋದರೆ ಕೊನೆಗೆ ಯಂತ್ರ, ಕಟ್ಟಡ, ಹಣ ದಾಟಿ ಒಂದು ಜಾಗಕ್ಕೆ ಬಂದು ನಿಲ್ಲುತ್ತೇವೆ. ಆ ಟ್ಯೂಬನ್ನು ತೆರೆಯಬಲ್ಲ ಪಳಗಿದ ಕೈಗಳು ಎಷ್ಟಿವೆ? ಮುಂಬೈ–ಪುಣೆಯ ಮಟ್ಟಿಗೆ ಹೇಳುವುದಾದರೆ, ಅವುಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳ ಕೈಗಳು. ಅವರು ಆ ಕೆಲಸಕ್ಕೆ ಹೇಗೆ ಬರುತ್ತಾರೆ, ಎಷ್ಟು ವರ್ಷ ಉಳಿಯುತ್ತಾರೆ ಅನ್ನುವುದಕ್ಕೂ ನಿಮ್ಮ ತಾಲೂಕಿನ ವರದಿ ಯಾವತ್ತು ಬರುತ್ತದೆ ಅನ್ನುವುದಕ್ಕೂ ನೇರ ಸಂಬಂಧವಿದೆ.

ಪುಣೆಗೇ ಯಾಕೆ?

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ತೆರೆದವು. ಸೊಳ್ಳೆ, ಉಣುಗುಗಳಿಂದ ಹರಡುವ ವೈರಸ್‌ಗಳನ್ನು ಹುಡುಕುವುದು ಅದರ ಕೆಲಸವಾಗಿತ್ತು. ಐದೇ ವರ್ಷದಲ್ಲಿ ಅದಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು, ಅದೂ ನಮ್ಮ ಸೊರಬ ತಾಲೂಕಿನಲ್ಲಿ.

1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಜನರಿಗೆ ಜ್ವರ ಬರತೊಡಗಿತು, ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮಂಗ ಸಾಯುವ ಜ್ವರ ಅಂದ ಕೂಡಲೇ ಪರಿಣತರ ಎದೆ ಧಸಕ್ಕೆಂದಿತು. ಆಫ್ರಿಕ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂತೇ ಅನ್ನುವ ಭಯ ಅದು. ಪುಣೆಯ ತಂಡ ಕಾಡಿಗೆ ಬಂತು. ಸತ್ತ ಮಂಗಗಳಿಂದ, ಜ್ವರ ಬಂದವರಿಂದ, ಉಣುಗುಗಳಿಂದ ಮಾದರಿ ತೆಗೆಯಿತು. ಸಿಕ್ಕಿದ್ದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್‌ಗೆ ದೂರದ ನೆಂಟನಾದ, ಜಗತ್ತು ಅಲ್ಲಿವರೆಗೆ ಕಾಣದ ಹೊಸ ವೈರಸ್ ಅದು. ಹೀಗೆ ನಮ್ಮ ಒಂದು ಸಣ್ಣ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು. ನಾವು ಮಾತ್ರ ಮಂಗನ ಕಾಯಿಲೆ ಅಂದೆವು. (ಕೆನ್ನೆ ಊದುವ ಮಂಗನ ಬಾವಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಆದರೂ ಪ್ರತಿ ವರ್ಷ ಯಾರಾದರೂ ಎರಡನ್ನೂ ಕಲಸಿಬಿಡುತ್ತಾರೆ.)

1978ರಲ್ಲಿ ಆ ಕೇಂದ್ರದ ಹೆಸರು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂದಾಯಿತು. ಎಲ್ಲರ ಬಾಯಲ್ಲಿ ಎನ್‌ಐವಿ. 1980ರ ದಶಕದಲ್ಲಿ ಅದರ ಚುಕ್ಕಾಣಿ ಹಿಡಿದವರು ಡಾ. ಖುರ್ಶೆದ್ ಪಾವ್ರಿ. ಮಂಗನ ಕಾಯಿಲೆಯಲ್ಲಿ ರೋಗಿಯ ಮೈಯಲ್ಲಿ ಏನೇನಾಗುತ್ತದೆ, ರಕ್ತ ಹೇಗೆ ಬದಲಾಗುತ್ತದೆ ಎಂದು ಅವರು 1989ರಲ್ಲಿ ಬರೆದ ಪ್ರಬಂಧವನ್ನು ಇವತ್ತಿಗೂ ಸಂಶೋಧಕರು ಉಲ್ಲೇಖಿಸುತ್ತಾರೆ.

ಅಂದಹಾಗೆ, ಮಂಗನ ಕಾಯಿಲೆಯ ಎಲ್ಲ ಮಾದರಿಯೂ ಈಗ ಪುಣೆಗೆ ಹೋಗುವುದಿಲ್ಲ. ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ, ಮಾಮೂಲು ಪರೀಕ್ಷೆ ಅಲ್ಲೇ ಆಗುತ್ತದೆ. ಹೊಸ ಊರಲ್ಲಿ ಕಾಯಿಲೆ ಕಂಡಾಗ, ಫಲಿತಾಂಶದಲ್ಲಿ ಅನುಮಾನ ಬಂದಾಗ, ವೈರಸ್ ಬದಲಾಗಿದೆಯೇ ಎಂದು ನೋಡಬೇಕಾದಾಗ ಪುಣೆ. 2015ರಲ್ಲಿ ಗೋವಾದ ಸತ್ತರಿ ತಾಲೂಕಿನ ಪಾಳಿ ಊರಿನಲ್ಲಿ ಈ ಜ್ವರ ಕಂಡಿತು. ಗೇರು ಹಣ್ಣು ಆರಿಸಲು ತೋಟಕ್ಕೆ ಹೋದವರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಸೊರಬದ ಕಾಯಿಲೆ ಅಲ್ಲಿಗೂ ಬಂದಿದೆ ಎಂದು ಸ್ಥಳೀಯ ವೈದ್ಯರು ಊಹಿಸುವುದು ಸುಲಭವಿರಲಿಲ್ಲ.

ಪೆಟ್ಟಿಗೆಯೊಳಗೆ ಪೆಟ್ಟಿಗೆ

ರಕ್ತದ ಟ್ಯೂಬ್ ಹೇಗೆ ಹೋಗುತ್ತದೆ ನೋಡಿ. ಮುಚ್ಚಳ ಬಿಗಿದು ಅಂಟುಪಟ್ಟಿ ಸುತ್ತಿದ ಟ್ಯೂಬ್. ಅದರ ಸುತ್ತ ಹತ್ತಿ, ಟ್ಯೂಬ್ ಒಡೆದರೂ ಒಂದು ಹನಿ ಆಚೆ ಬರಬಾರದು. ಅದು ಸೋರದ ಇನ್ನೊಂದು ಡಬ್ಬಿಯೊಳಗೆ. ಆ ಡಬ್ಬಿ ಐಸ್‌ಪ್ಯಾಕ್ ತುಂಬಿದ ಗಟ್ಟಿ ಪೆಟ್ಟಿಗೆಯೊಳಗೆ. ಮೇಲೆ ಅಪಾಯದ ಗುರುತು. ರೋಗಿಯ ವಿವರದ ಕಾಗದ ಬೇರೆ ಚೀಲದಲ್ಲಿ, ರಕ್ತದ ಜೊತೆ ಸುತ್ತಿ ಕಳಿಸುವಂತಿಲ್ಲ. ದಾರಿಯಲ್ಲಿ ತಂಪು ಕೆಟ್ಟರೆ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, ಚೂರು ಚೂರಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಅದಕ್ಕೆ ಏನೂ ಕಾಣುವುದಿಲ್ಲ. ಪುಣೆ ತಡ ಮಾಡಿತು ಅನ್ನುವ ಬೈಗುಳದಲ್ಲಿ ಒಂದು ಪಾಲು ಈ ದಾರಿಗೆ ಸೇರಬೇಕಾದದ್ದು.

ಲ್ಯಾಬ್ ತಲುಪಿದ ಮೇಲೆ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ವೈರಸ್ ಈಗ ರಕ್ತದಲ್ಲಿ ಇದೆಯೇ? ಇದಕ್ಕೆ ಆರ್‌ಟಿ-ಪಿಸಿಆರ್. ದೇಹ ಆ ವೈರಸ್ಸನ್ನು ಕಂಡು ಪ್ರತಿಕಾಯ ತಯಾರಿಸಿದೆಯೇ? ಇದಕ್ಕೆ ಎಲೈಸಾ. ಮಂಗನ ಕಾಯಿಲೆಯಲ್ಲಿ ಜ್ವರ ಶುರುವಾದ ಮೊದಲ ಹತ್ತು ಹನ್ನೆರಡು ದಿನ ವೈರಸ್ ರಕ್ತದಲ್ಲಿರುತ್ತದೆ, ಆಮೇಲೆ ಮಾಯ. ಪ್ರತಿಕಾಯ ಕಾಣಿಸಿಕೊಳ್ಳಲು ಕೆಲವು ದಿನ ಬೇಕು. ಹಾಗಾಗಿ ಎರಡನೇ ದಿನದ ರಕ್ತಕ್ಕೆ ಎಲೈಸಾ ಮಾಡಿದರೆ ‘ಇಲ್ಲ’ ಅನ್ನಬಹುದು, ಇಪ್ಪತ್ತನೇ ದಿನದ ರಕ್ತಕ್ಕೆ ಪಿಸಿಆರ್ ಮಾಡಿದರೂ ‘ಇಲ್ಲ’ ಅನ್ನಬಹುದು. ಎರಡೂ ಸಲ ರೋಗಿಗೆ ಅದೇ ಕಾಯಿಲೆ! ‘ಒಂದು ಲ್ಯಾಬ್ ಹೌದು ಅಂತು, ಇನ್ನೊಂದು ಇಲ್ಲ ಅಂತು, ಯಾರನ್ನು ನಂಬೋದು’ ಅನ್ನುವ ಜಗಳದ ಹಿಂದೆ ಬಹಳ ಸಲ ಇರುವುದು ಇಷ್ಟೇ. ಎರಡು ಲ್ಯಾಬ್‌ಗಳು ಎರಡು ಬೇರೆ ಪ್ರಶ್ನೆ ಕೇಳಿರುತ್ತವೆ, ಇಲ್ಲವೇ ಎರಡು ಬೇರೆ ದಿನದ ರಕ್ತ ನೋಡಿರುತ್ತವೆ.

ಯಂತ್ರದ ಕೆಲಸ ಕೆಲವೇ ಗಂಟೆಯದು. ಹೊಸ ಊರಿನಿಂದ ಅಪಾಯಕಾರಿ ವೈರಸ್ಸಿನ ‘ಹೌದು’ ಬಂದರೆ ಅದನ್ನು ಹಾಗೇ ಕಳಿಸಿಬಿಡಲು ಆಗುವುದಿಲ್ಲ. ಮತ್ತೆ ಮಾಡಿ ನೋಡಬೇಕು, ಬೇರೆ ವಿಧಾನದಲ್ಲಿ ತಾಳೆ ಹಾಕಬೇಕು. ನಿಫಾ ಎಂದು ತಪ್ಪಾಗಿ ಹೇಳಿದರೆ ಒಂದು ಜಿಲ್ಲೆಯ ಶಾಲೆ, ಸಂತೆ, ಬಸ್ಸು ನಿಲ್ಲುತ್ತದೆ. ತಪ್ಪಾಗಿ ‘ಅಲ್ಲ’ ಅಂದರೆ ಆಸ್ಪತ್ರೆಯ ನರ್ಸ್‌ಗಳು ಜೀವ ತೆರುತ್ತಾರೆ.

ಪಾಷಾಣದ ಲ್ಯಾಬ್

ಎನ್‌ಐವಿಯ ಹಳೆಯ ಕಚೇರಿ ಪುಣೆ ಸ್ಟೇಷನ್ನಿನ ಕಡೆ ಇದೆ. ಅತಿ ಅಪಾಯದ ವೈರಸ್‌ಗಳ ಲ್ಯಾಬ್ ಇರುವುದು ಊರಿನ ಪಶ್ಚಿಮಕ್ಕೆ, ಪಾಷಾಣದ ಸೂಸ್ ರಸ್ತೆಯಲ್ಲಿ. ಹುಬ್ಬಳ್ಳಿ, ಬೆಳಗಾವಿಯಿಂದ ಬಸ್ಸಿನಲ್ಲಿ ಮುಂಬೈಗೆ ಹೋಗುವವರು ಬೈಪಾಸ್‌ನಲ್ಲಿ ಅದರ ಹತ್ತಿರದಿಂದಲೇ ಹಾದುಹೋಗುತ್ತಾರೆ. ಮರಾಠಿಯವರಿಗೆ ಪಾಷಾಣ ಅಂದರೆ ಕಲ್ಲು. ನಮಗೆ ವಿಷ! ದೇಶದ ಕೆಟ್ಟ ವೈರಸ್‌ಗಳನ್ನೆಲ್ಲ ಪಾಷಾಣದಲ್ಲಿ ಇಟ್ಟಿದ್ದಾರೆ ಅಂದರೆ ಕನ್ನಡಿಗರಿಗೆ ನಗು ಬರುವುದು ಸಹಜ.

ಸೂಕ್ಷ್ಮಜೀವಿ ಲ್ಯಾಬ್‌ಗಳನ್ನು ಸುರಕ್ಷತೆಯ ಲೆಕ್ಕದಲ್ಲಿ ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ. ಕಾಲೇಜಿನ ಲ್ಯಾಬ್ ಒಂದನೇ ಹಂತ. ನಿಫಾ, ಎಬೋಲಾ, ಕ್ರಿಮಿಯನ್-ಕಾಂಗೋ ಜ್ವರದಂಥವನ್ನು ಜೀವಂತವಾಗಿ ಬೆಳೆಸಲು ನಾಲ್ಕನೇ ಹಂತ ಬೇಕು. ಪಾಷಾಣದ ನಾಲ್ಕನೇ ಹಂತದ ಲ್ಯಾಬ್ ಕೆಲಸಕ್ಕೆ ತೆರೆದುಕೊಂಡಿದ್ದು 2012ರ ಕೊನೆಗೆ. ಅದಕ್ಕೂ ಮೊದಲು, 2011ರಲ್ಲಿ ಗುಜರಾತಿನಲ್ಲಿ ಕ್ರಿಮಿಯನ್-ಕಾಂಗೋ ಜ್ವರ ಮೊದಲ ಸಲ ಪತ್ತೆಯಾಗಿ ಇಂಥ ಲ್ಯಾಬ್ ಎಷ್ಟು ತುರ್ತು ಎಂದು ತೋರಿಸಿತ್ತು.

ಇಂಥ ಲ್ಯಾಬ್‌ನಲ್ಲಿ ಕೆಲಸ ಹೇಗಿರುತ್ತದೆ? ಮೈಮೇಲಿನ ಬಟ್ಟೆ, ಉಂಗುರ, ಬಳೆ, ಗಡಿಯಾರ ಎಲ್ಲ ಹೊರಗೆ. ಒಳಗಿನ ಬಟ್ಟೆ ತೊಟ್ಟು, ಅದರ ಮೇಲೆ ತಲೆಯಿಂದ ಕಾಲಿನವರೆಗೆ ಒಂದೇ ತುಂಡಿನ ಪ್ಲಾಸ್ಟಿಕ್ ಸೂಟ್. ಒಂದರ ಮೇಲೊಂದು ಕೈಗವಸು. ಛಾವಣಿಯಿಂದ ಇಳಿಬಿದ್ದ ಸುರುಳಿ ಕೊಳವೆಯನ್ನು ಸೂಟಿಗೆ ಸಿಕ್ಕಿಸಿಕೊಂಡರೆ ಗಾಳಿ ತುಂಬಿ ಸೂಟ್ ಬಲೂನಿನಂತೆ ಉಬ್ಬುತ್ತದೆ. ಸೂಟಿನಲ್ಲಿ ತೂತಾದರೂ ಗಾಳಿ ಹೊರಗೆ ಹೋಗಬೇಕೇ ಹೊರತು ಒಳಗೆ ಬರಬಾರದು, ಅದು ಲೆಕ್ಕ. ಕೋಣೆಯ ಗಾಳಿಯದು ಇದಕ್ಕೆ ತದ್ವಿರುದ್ಧ, ಅದು ಹೊರಗೆ ಹೋಗದಂತೆ ಒಳಗೇ ಎಳೆದುಕೊಂಡು ಸೋಸುತ್ತಾರೆ. ಗಾಳಿಯ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ, ಕೈಸನ್ನೆ ಅಥವಾ ವೈರ್‌ಲೆಸ್ಸೇ ಗತಿ. ಅಷ್ಟು ದಪ್ಪ ಕೈಗವಸಿನಲ್ಲಿ ಸೂಜಿಯಂಥ ಮೂತಿಯ ಪಿಪೆಟ್ ಹಿಡಿದು ಒಂದು ಹನಿಯ ಚಿಕ್ಕ ಪಾಲನ್ನು ಸಣ್ಣ ಗುಂಡಿಗೆ ಬಿಡಬೇಕು. ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ, ಮೂಗು ತುರಿಸಿದರೆ ತುರಿಸುತ್ತಲೇ ಇರಬೇಕು. ಮುಟ್ಟಿನ ದಿನವಾದರೂ ಅಷ್ಟೇ. ಕೆಲಸ ಮುಗಿದರೆ ಸೂಟಿನ ಸಮೇತ ರಾಸಾಯನಿಕ ಸ್ನಾನ, ಆಮೇಲೆ ಸೂಟ್ ಕಳಚಿ ಮತ್ತೆ ಸ್ನಾನ.

ಇಷ್ಟೆಲ್ಲ ಯಾಕೆ ಅಂದರೆ, ಮಂಗನ ಕಾಯಿಲೆಯ ವೈರಸ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೇ ತಗುಲಿದ ದಾಖಲೆಗಳಿವೆ. ಕೋವಿಡ್ ಬಂದಾಗ ಎನ್‌ಐವಿಯ ನಿರ್ದೇಶಕಿಯಾಗಿದ್ದವರು ವೆಲ್ಲೂರಿನಿಂದ ಬಂದ ಡಾ. ಪ್ರಿಯಾ ಅಬ್ರಹಾಂ. ಪಾಷಾಣದ ಲ್ಯಾಬ್‌ನ ಕೆಲಸವನ್ನು ಮುನ್ನಡೆಸಿದವರು ಡಾ. ಪ್ರಜ್ಞಾ ಯಾದವ್. ಅವರ ತಂಡ ಬೇರ್ಪಡಿಸಿ ಬೆಳೆಸಿದ ವೈರಸ್ಸೇ ಕೋವ್ಯಾಕ್ಸಿನ್‌ಗೆ ಬೀಜವಾಯಿತು. ನಮ್ಮಲ್ಲಿ ಲಸಿಕೆ ಹಾಕಿಸಿಕೊಂಡ ಎಷ್ಟೋ ಜನರಿಗೆ ಕಂಪನಿಯ ಹೆಸರು ಗೊತ್ತು, ಈ ಹೆಸರುಗಳು ಗೊತ್ತಿಲ್ಲ.

ಜೀವಕೋಶ ಸಾಕುವ ವಿದ್ಯೆ

ವೈರಸ್ಸನ್ನು ಬೆಳೆಸುವುದು ಅಂದೆ. ಇಲ್ಲಿ ಒಂದು ತೊಡಕಿದೆ. ಬ್ಯಾಕ್ಟೀರಿಯಾ ಆದರೆ ತಟ್ಟೆಯಲ್ಲಿ ಸಾರು ಹಾಕಿಟ್ಟರೂ ಬೆಳೆಯುತ್ತದೆ. ವೈರಸ್‌ಗೆ ಜೀವಂತ ಜೀವಕೋಶವೇ ಬೇಕು. ಅಂದರೆ ವೈರಸ್ ಲ್ಯಾಬ್ ನಡೆಸುವವರು ಮೊದಲು ಗಾಜಿನ ಬಾಟಲಿಯಲ್ಲಿ ಜೀವಕೋಶಗಳನ್ನು ಸಾಕಲು ಕಲಿಯಬೇಕು. ಹಸು ಸಾಕಿದಷ್ಟೇ ಗೋಳು ಅದು. ಹೊತ್ತಿಗೆ ಸರಿಯಾಗಿ ಆಹಾರ ಕೊಡಬೇಕು, ಬೆಚ್ಚಗಿಡಬೇಕು, ಗುಂಪು ಜಾಸ್ತಿಯಾದರೆ ಬೇರೆ ಬಾಟಲಿಗೆ ಹಂಚಬೇಕು. ಒಂದು ಬೂಷ್ಟಿನ ಕಣ ಬಿದ್ದರೆ ವಾರಗಳ ಕೆಲಸ ಚರಂಡಿ ಪಾಲು. ಭಾನುವಾರ, ಹಬ್ಬ ಅಂತ ರಜೆ ಇಲ್ಲ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ಮೊದಲು ಲ್ಯಾಬ್ ಕಟ್ಟಿದವರು ಡಾ. ಕಮಲ್ ರಣದಿವೆ, ಮುಂಬೈಯಲ್ಲಿ. ಹುಟ್ಟಿದ್ದು 1917ರ ನವೆಂಬರ್ 8ರಂದು ಪುಣೆಯಲ್ಲಿ. ತಂದೆ ಫರ್ಗ್ಯೂಸನ್ ಕಾಲೇಜಿನಲ್ಲಿ ಜೀವವಿಜ್ಞಾನದ ಮೇಷ್ಟ್ರು. ಮಗಳು ಡಾಕ್ಟರಾಗಲಿ, ಡಾಕ್ಟರನ್ನೇ ಮದುವೆಯಾಗಲಿ ಅಂತ ಅವರ ಆಸೆ. ಕಮಲ್ ಎರಡನ್ನೂ ಮಾಡಲಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದರು, ಸೀತಾಫಲದ ಕುಲದ ಗಿಡಗಳ ವರ್ಣತಂತುಗಳ ಮೇಲೆ ಎಂಎಸ್ಸಿ ಮಾಡಿದರು, ಗಣಿತದವರನ್ನು ಮದುವೆಯಾದರು. 1949ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ, ವಿ.ಆರ್. ಖಾನೋಲ್ಕರ್ ಅವರ ಕೈಕೆಳಗೆ. ಆಮೇಲೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜ್ ಗೈ ಎಂಬವರ ಹತ್ತಿರ ಜೀವಕೋಶ ಸಾಕುವುದನ್ನು ಕಲಿತರು. ಜಗತ್ತಿನ ಲ್ಯಾಬ್‌ಗಳಲ್ಲೆಲ್ಲ ಇವತ್ತಿಗೂ ಬದುಕಿರುವ ಹೀಲಾ ಜೀವಕೋಶಗಳನ್ನು ಮೊದಲು ಬೆಳೆಸಿದ್ದು ಇದೇ ಗೈ. ಅಲ್ಲೇ ಉಳಿಯಬಹುದಿತ್ತು. ಕಮಲ್ ಮುಂಬೈಗೆ ಮರಳಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಬಾಟಲಿಗಳನ್ನು ಜೋಡಿಸಿದರು. 1966ರಿಂದ 1970ರವರೆಗೆ ಅದರ ನಿರ್ದೇಶಕಿಯೂ ಆದರು. ಸ್ತನ ಕ್ಯಾನ್ಸರ್‌ಗೂ ವಂಶಕ್ಕೂ ಇರುವ ನಂಟಿನ ಬಗ್ಗೆ, ಕುಷ್ಠರೋಗದ ಬ್ಯಾಕ್ಟೀರಿಯಾದ ಬಗ್ಗೆ ಕೆಲಸ ಮಾಡಿದರು. 1982ರಲ್ಲಿ ಪದ್ಮಭೂಷಣ ಬಂತು.

ಅವರ ಬದುಕಿನಲ್ಲಿ ಈ ಲೇಖನಕ್ಕೆ ಹೆಚ್ಚು ಬೇಕಾದ ಸಂಗತಿ ಬೇರೆ. 1973ರಲ್ಲಿ ಅವರು ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟಲು ಮುಂದಾದರು. ವಾಶಿಯಲ್ಲಿರುವ ಅದರ ಕೇಂದ್ರಕ್ಕೆ ಹೋದರೆ ಉಪನ್ಯಾಸದ ಸಭಾಂಗಣದ ಜೊತೆಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವಿದೆ. ವಿಜ್ಞಾನಿಗಳ ಸಂಘಕ್ಕೂ ತೊಟ್ಟಿಲಿಗೂ ಏನು ಸಂಬಂಧ ಅಂತ ಅನಿಸಬಹುದು. ಬಾಟಲಿಯ ಜೀವಕೋಶಗಳಿಗೆ ಭಾನುವಾರ ರಜೆ ಇಲ್ಲ ಅಂದೆನಲ್ಲ, ಮನೆಯ ಮಗುವಿಗೂ ಇಲ್ಲ. ಎರಡನ್ನೂ ಒಬ್ಬಳೇ ನೋಡಿಕೊಳ್ಳಬೇಕಾದರೆ ಯಾವುದೋ ಒಂದು ದಿನ ಬಾಟಲಿ ಬಿಡಬೇಕಾಗುತ್ತದೆ. ವಿಜ್ಞಾನದ ಪದವಿ ತರಗತಿಗಳಲ್ಲಿ ಇವತ್ತು ಅರ್ಧದಷ್ಟು ಹುಡುಗಿಯರು. ಸಂಶೋಧನೆಯ ಕೆಲಸಕ್ಕೆ ಬಂದರೆ ಸರ್ಕಾರದ ಲೆಕ್ಕದಲ್ಲೇ ಆರರಲ್ಲಿ ಒಬ್ಬರಷ್ಟೇ. ನಡುವೆ ಕಾಣೆಯಾದವರು ಎಲ್ಲಿಗೆ ಹೋದರು ಅನ್ನುವುದು ರಣದಿವೆಗೆ ಗೊತ್ತಿತ್ತು.

ಬಾಗಿಲೇ ಮುಚ್ಚಿದ ಕಾಲವೂ ಇತ್ತು. 1933ರಲ್ಲಿ ಮುಂಬೈಯಲ್ಲಿ ಪದವಿ ಓದಿದ ಕಮಲಾ ಭಾಗವತ್ ಎಂಬ ಹುಡುಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದರು. ಆಕೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಈಕೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿ, ಮುಂಬೈಗೆ ಬಂದು ನೀರಾದಲ್ಲಿರುವ ಪೋಷಕಾಂಶಗಳ ಮೇಲೆ ಕೆಲಸ ಮಾಡಿದರು, ಬಡ ಮಕ್ಕಳ ಅಪೌಷ್ಟಿಕತೆಗೆ ಅದು ಆಗಿಬರುತ್ತದೆಯೇ ಎಂದು ನೋಡಲು. ಈಗ ಬಾಗಿಲು ತೆರೆದಿದೆ. ಒಳಗೆ ಬಂದವರು ಎಷ್ಟು ವರ್ಷ ನಿಲ್ಲುತ್ತಾರೆ ಅನ್ನುವುದು ಇವತ್ತಿನ ಪ್ರಶ್ನೆ.

ಫ್ರೀಜರ್‌ನಲ್ಲಿಟ್ಟ ರಕ್ತ

ಒಂದೇ ಕಡೆ ದೀರ್ಘ ಕಾಲ ನಿಂತರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಆಗ ಗೊತ್ತಿದ್ದ ಹೆಪಟೈಟಿಸ್ ಎ ಇರಬೇಕು ಅಂದುಕೊಂಡರು. ಗರ್ಭಿಣಿಯರು ಹೆಚ್ಚು ಸಾಯುವ ಆ ಕಾಮಾಲೆ ಬೇರೆಯೇ ವೈರಸ್ಸಿನದು, ಈಗ ಹೆಪಟೈಟಿಸ್ ಇ ಎನ್ನುತ್ತೇವಲ್ಲ ಅದು, ಎಂದು ತಿಳಿದದ್ದು ದಶಕಗಳ ನಂತರ. ಹೇಗೆ? ಯಾರೋ ಆ ರಕ್ತವನ್ನು ಎಸೆಯದೆ ಇಟ್ಟಿದ್ದರು.

ಪುಣೆಯಲ್ಲಿ ಈ ಕೆಲಸವನ್ನು ಬೆಳೆಸಿದವರು ಡಾ. ವಿದ್ಯಾ ಅರಂಕಲ್ಲೆ. ದೇಶದ ಬೇರೆ ಬೇರೆ ಊರುಗಳ ಹಳೆಯ ಕಾಮಾಲೆ ಹಾವಳಿಗಳ ಕಾಲದಲ್ಲಿ ತೆಗೆದಿಟ್ಟಿದ್ದ ರಕ್ತವನ್ನು ಅವರ ತಂಡ ಮತ್ತೆ ಪರೀಕ್ಷಿಸಿ, ನೀರಿನಿಂದ ಹರಡಿದ ಆ ಹಾವಳಿಗಳಲ್ಲಿ ಬಹುಪಾಲು ಹೆಪಟೈಟಿಸ್ ಇ ಎಂದು 1994ರಲ್ಲಿ ತೋರಿಸಿತು. ಟ್ಯೂಬಿನ ಮೇಲಿನ ಮಾಸಿದ ನಂಬರ್ ಯಾವ ಊರಿನದು, ಯಾವ ವರ್ಷದ್ದು ಎಂದು ನೆನಪಿಟ್ಟುಕೊಳ್ಳುವ ಜನ ಅಲ್ಲೇ ಇದ್ದಾಗ ಮಾತ್ರ ಇಂಥ ಕೆಲಸ ಆಗುತ್ತದೆ. ಆರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ಸಿಬ್ಬಂದಿಗೆ ಆ ಟ್ಯೂಬ್ ಬರೀ ಹಳೇ ಟ್ಯೂಬ್.

ನೀರಿನ ವಿಷಯ ಹಳೆಯದಾಯಿತು ಅನ್ನುವಂತಿಲ್ಲ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ನಾಂದೇಡ್ ಗ್ರಾಮ, ಧಾಯರಿ ಸುತ್ತ ಕೈಕಾಲು ಸೋಲುವ ಗಿಯಾನ್-ಬಾರೆ ಕಾಯಿಲೆ ಕಂಡಿತು. ಕೆಲವೇ ವಾರದಲ್ಲಿ ಇನ್ನೂರರ ಆಸುಪಾಸು ಜನ. ‘ಜಿಬಿಎಸ್ ವೈರಸ್ ಬಂದಿದೆ, ಹುಷಾರು’ ಎಂಬ ಮೆಸೇಜ್ ಕನ್ನಡದಲ್ಲೂ ಹರಿದಾಡಿತು. ಜಿಬಿಎಸ್ ವೈರಸ್ಸೇ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೊಟ್ಟೆಗೋ ಬೇರೆಲ್ಲೋ ಸೋಂಕು ತಗುಲಿದ ಮೇಲೆ ದೇಹದ ರಕ್ಷಣಾ ಪಡೆ ದಿಕ್ಕು ತಪ್ಪಿ ತನ್ನ ನರಗಳನ್ನೇ ಹೊಡೆಯುವ ಸ್ಥಿತಿ ಅದು. ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಹೇಳಿದ್ದು ಅದೇ ಎನ್‌ಐವಿ. ಅಷ್ಟು ಗೊತ್ತಾದ ಮೇಲೆ ಎಲ್ಲರ ಕಣ್ಣು ಬಾವಿ, ಟ್ಯಾಂಕರ್, ಕೋಳಿಮಾಂಸದ ಕಡೆ ತಿರುಗಿತು. ಸರಿಯಾದ ಹೆಸರು ಸಿಕ್ಕಿದರೆ ಸರಿಯಾದ ಕಡೆ ಹುಡುಕುತ್ತಾರೆ, ಇಲ್ಲದಿದ್ದರೆ ಸುಮ್ನೆ ಮಾಸ್ಕ್ ಹಾಕಿಕೊಂಡು ಓಡಾಡುತ್ತಾರೆ.

2020ರ ಮಾರ್ಚ್ 18

ಮಹಿಳಾ ವಿಜ್ಞಾನಿ ಅಂದ ಕೂಡಲೇ ಪುಣೆಯಲ್ಲಿ ಎಲ್ಲರೂ ಹೇಳುವ ಕಥೆ ಮೀನಲ್ ದಾಖವೆ ಭೋಸಲೆ ಅವರದು. ಮೈಲ್ಯಾಬ್ ಕಂಪನಿಯಲ್ಲಿ ಕೋವಿಡ್ ಪತ್ತೆ ಕಿಟ್ ತಯಾರಿಸಿದ ತಂಡದ ಮುಖ್ಯಸ್ಥೆ. ತುಂಬು ಗರ್ಭಿಣಿ. ಗರ್ಭದ ತೊಡಕಿನಿಂದ ಆಸ್ಪತ್ರೆ ಸೇರಿ ಬಂದು, ಆರು ವಾರದಲ್ಲಿ ಕಿಟ್ ಮುಗಿಸಿ ಮಾರ್ಚ್ 18ರಂದು ಎನ್‌ಐವಿಗೆ ಒಪ್ಪಿಸಿದರು. ಮರುದಿನ ಹೆಣ್ಣು ಮಗು ಹುಟ್ಟಿತು.

ಕಥೆ ಚೆನ್ನಾಗಿದೆ, ನಿಜವೂ ಹೌದು. ಆದರೆ ನಾವು ಅದನ್ನು ಹೇಳಿದ ರೀತಿಯಲ್ಲಿ ತಾಯಿ ಉಳಿದಳು, ವಿಜ್ಞಾನ ಕಳೆದುಹೋಯಿತು. ಆಗ ಹೊರದೇಶದ ಕಿಟ್‌ನಲ್ಲಿ ಒಂದು ಪರೀಕ್ಷೆಗೆ 4,500 ರೂಪಾಯಿ ಬೀಳುತ್ತಿತ್ತು, ಇವರದು 1,200. ಫಲಿತಾಂಶಕ್ಕೆ ಆರೇಳು ಗಂಟೆಯ ಬದಲು ಎರಡೂವರೆ ಗಂಟೆ ಸಾಕಿತ್ತು. ಒಂದೇ ಮಾದರಿಗೆ ಹತ್ತು ಸಲ ಪರೀಕ್ಷೆ ಮಾಡಿದರೆ ಹತ್ತೂ ಸಲ ಒಂದೇ ಉತ್ತರ ಬರಬೇಕು ಎಂದು ಹಟ ಹಿಡಿದು ಕೂತರು. ಆ ಹಟಕ್ಕೆ ಎಷ್ಟು ವರ್ಷದ ಅನುಭವ ಬೇಕು ಎಂದು ಯಾರೂ ಬರೆಯಲಿಲ್ಲ. ಇದರ ಇನ್ನೊಂದು ತೊಂದರೆಯೂ ಇದೆ. ಹೆರಿಗೆಯ ಹಿಂದಿನ ದಿನದವರೆಗೆ ದುಡಿಯುವುದೇ ಆದರ್ಶ ಎಂದುಬಿಟ್ಟರೆ, ರಜೆ ಕೇಳುವ ಮುಂದಿನ ಹುಡುಗಿಗೆ ಅದೇ ಮುಳ್ಳಾಗುತ್ತದೆ.

ರಾಜ್ಯಕ್ಕೊಂದು ಲ್ಯಾಬ್ ಬೇಕೇ?

ಈಗ ಮೂರನೇ ಪ್ರಶ್ನೆ, ಬೆಂಗಳೂರಿನಂಥ ಊರಲ್ಲಿ ಅಂಥ ಲ್ಯಾಬ್ ಯಾಕಿಲ್ಲ ಅನ್ನುವುದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆಗೆ ಹಲವರು ಸತ್ತಾಗ ಮಲೆನಾಡಿನಲ್ಲಿ ಎದ್ದ ಕೂಗು ಇದೇ ಆಗಿತ್ತು: ನಮ್ಮ ಕಾಯಿಲೆಗೆ ನಮ್ಮಲ್ಲೇ ಪೂರ್ತಿ ಸೌಲಭ್ಯ ಬೇಕು. ಇದರಲ್ಲಿ ನ್ಯಾಯವಿದೆ. ದರಕು (ಉದುರಿದ ಒಣ ಎಲೆ) ಗುಡಿಸಿ ತರಲು ಕಾಡಿಗೆ ಹೋಗುವ ಹೆಂಗಸಿಗೆ ಜ್ವರದ ಹೆಸರು ಎರಡು ದಿನ ಮೊದಲು ಗೊತ್ತಾದರೆ ಅವಳ ಜೀವ ಉಳಿಯಬಹುದು, ಊರಿನವರು ಉಣುಗು ಹತ್ತದಂತೆ ಮೈಗೆ ಡೇಪಾ ತೈಲ ಹಚ್ಚಿಕೊಳ್ಳಲು ಶುರು ಮಾಡಬಹುದು. ಎಲ್ಲವೂ ಒಂದೇ ಕಡೆ ಇದ್ದರೆ, ಒಂದೇ ವಾರ ನಾಲ್ಕು ರಾಜ್ಯದಲ್ಲಿ ಹಾವಳಿ ಎದ್ದಾಗ ಸಾಲು ಬೆಳೆಯುತ್ತದೆ. 2020ರ ಜನವರಿಯಲ್ಲಿ ಕೇರಳದ ಮೊದಲ ಕೋವಿಡ್ ಪ್ರಕರಣ ಖಚಿತವಾಗಿದ್ದು ಪುಣೆಯಲ್ಲಿ. ಆಮೇಲೆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಲ್ಯಾಬ್‌ಗಳು ಆ ಪರೀಕ್ಷೆ ಕಲಿತವು. ಅಂದರೆ ಮನಸ್ಸು ಮಾಡಿದರೆ ಹಂಚಲು ಬರುತ್ತದೆ, ಅಲ್ವಾ?

ಎದುರು ವಾದವೂ ಹಗುರವಾದದ್ದಲ್ಲ. ನಾಲ್ಕನೇ ಹಂತದ ಲ್ಯಾಬ್ ಕಟ್ಟುವುದಕ್ಕಿಂತ ನಡೆಸುವುದು ಕಷ್ಟ. ಗಾಳಿ ಸೋಸುವ ವ್ಯವಸ್ಥೆ ವರ್ಷವಿಡೀ ನಿಲ್ಲುವಂತಿಲ್ಲ. ನಿಫಾದಂಥ ಪ್ರಕರಣ ಒಂದು ರಾಜ್ಯದಲ್ಲಿ ಹಲವು ವರ್ಷಕ್ಕೊಮ್ಮೆ ಬಂದರೆ, ಅಲ್ಲಿಯವರೆಗೆ ಆ ಸಿಬ್ಬಂದಿ ಏನು ಅಭ್ಯಾಸ ಮಾಡುತ್ತಾರೆ? ಕೈ ತುಕ್ಕು ಹಿಡಿದ ಲ್ಯಾಬ್ ಲ್ಯಾಬೇ ಇಲ್ಲದ್ದಕ್ಕಿಂತ ಅಪಾಯ. ಅಪಾಯಕಾರಿ ವೈರಸ್‌ಗಳ ಸಂಗ್ರಹ ಹತ್ತು ಊರಿನಲ್ಲಿದ್ದರೆ ಸೋರಿಕೆಯ ಅಪಾಯವೂ ಹತ್ತು ಪಟ್ಟು.

ನನಗೆ ಕಂಡಂತೆ ದಾರಿ ಎರಡರ ನಡುವೆ ಇದೆ, ಅದನ್ನು ಆಗಲೇ ಒಂದು ಸಲ ತುಳಿದೂ ಆಗಿದೆ. 2018ರಲ್ಲಿ ಕೋಝಿಕ್ಕೋಡ್‌ನ ನಿಫಾವನ್ನು ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ಲ್ಯಾಬ್. ಖಚಿತಪಡಿಸಿದ್ದು ಪುಣೆ. ಹತ್ತಿರದವರು ಬೇಗ ಅನುಮಾನಿಸಬೇಕು, ದೂರದವರು ಗಟ್ಟಿ ಮಾಡಬೇಕು. 2023ರಲ್ಲಿ ನಿಫಾ ಮತ್ತೆ ಬಂದಾಗ ಪುಣೆಯವರು ಲ್ಯಾಬನ್ನೇ ಗಾಡಿಯ ಮೇಲೆ ಕೋಝಿಕ್ಕೋಡ್‌ಗೆ ಒಯ್ದರು. 2021ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಆರೋಗ್ಯ ಮೂಲಸೌಕರ್ಯ ಯೋಜನೆಯಲ್ಲಿ ನಾಲ್ಕು ಹೊಸ ವೈರಾಣು ಸಂಸ್ಥೆಗಳು, ಮೂರನೇ ಹಂತದ ಒಂಬತ್ತು ಲ್ಯಾಬ್‌ಗಳು ಸೇರಿವೆ. ಎನ್‌ಐವಿಯ ಘಟಕ ಬೆಂಗಳೂರಿನಲ್ಲಿ ಈಗಲೇ ಇದೆ.

ಈ ಚರ್ಚೆಯಲ್ಲಿ ಕೇಳದ ಲೆಕ್ಕ ಒಂದಿದೆ. ಹಾವಳಿ ಬಂದಾಗ ಹಣ ಬರುತ್ತದೆ. ಹಣ ಬಂದಾಗ ‘ಪ್ರಾಜೆಕ್ಟ್’ ಹುದ್ದೆಗೆ ಎಂಎಸ್ಸಿ ಮಾಡಿದ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಅವರು ಸೂಟ್ ಹಾಕಿಕೊಂಡು ಕೈ ನಡುಗದಂತೆ ಕೆಲಸ ಮಾಡಲು ಕಲಿಯುವ ಹೊತ್ತಿಗೆ ಹಾವಳಿ ಇಳಿದಿರುತ್ತದೆ, ಹಣ ಮುಗಿದಿರುತ್ತದೆ. ಕಾಯಂ ವಿಜ್ಞಾನಿ ಹುದ್ದೆಯ ಕೆಳಹಂತಕ್ಕೆ ಸಾಮಾನ್ಯವಾಗಿ 35ರ ವಯೋಮಿತಿ. ಪಿಎಚ್‌ಡಿ, ಮದುವೆ, ಮಗು, ಗುತ್ತಿಗೆಯ ಮೂರು ನಾಲ್ಕು ವರ್ಷ ಎಲ್ಲ ಅಷ್ಟರೊಳಗೇ ಆಗಬೇಕು. ಹೆಣ್ಣುಮಕ್ಕಳು ಇಲ್ಲೇ ಜಾರುವುದು. ಖಾಸಗಿ ಲ್ಯಾಬ್ ಸೇರುತ್ತಾರೆ, ಇಲ್ಲವೇ ಗಂಡನ ವರ್ಗಾವಣೆಯ ಊರಿನಲ್ಲಿ ಟ್ಯೂಷನ್ ಹೇಳುತ್ತಾರೆ. ಮುಂದಿನ ಹಾವಳಿಗೆ ಮತ್ತೆ ಹೊಸಬರು, ಮತ್ತೆ ಮೊದಲಿನಿಂದ. ಒಂಬತ್ತು ಹೊಸ ಲ್ಯಾಬ್ ಕಟ್ಟಿದರೂ ಹೊಸಬರೇ ತುಂಬಿದ್ದರೆ, ‘ಖಚಿತಪಡಿಸಲು ಪುಣೆಗೆ ಕಳುಹಿಸಲಾಗಿದೆ’ ಎಂಬ ಸಾಲು ಹಾಗೇ ಉಳಿಯುತ್ತದೆ.

ಯಾರು ಹೇಳಬೇಕು?

2025ರ ಜನವರಿಯಲ್ಲೇ ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ತಗುಲಿದೆ ಎಂದು ಸುದ್ದಿ ಬಂತು. ಖಾಸಗಿ ಆಸ್ಪತ್ರೆಯ ವರದಿ, ನಮ್ಮ ಲ್ಯಾಬ್‌ನಲ್ಲಿ ಪರೀಕ್ಷಿಸಿಲ್ಲ ಎಂದು ರಾಜ್ಯದವರು ಅಂದರು. ಆಮೇಲೆ ಐಸಿಎಂಆರ್ ಹೌದು ಅಂತು. ಈ ಹಗ್ಗಜಗ್ಗಾಟದಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಅಂತ ಜನರಿಗೆ ಅನಿಸಿತು. ವಾಸ್ತವದಲ್ಲಿ ಆ ವೈರಸ್ 2001ರಲ್ಲೇ ಪತ್ತೆಯಾದದ್ದು. ಪುಣೆಯ ಮಕ್ಕಳಲ್ಲಿ ಅದು ಇದೆ ಎಂದು ಎನ್‌ಐವಿಯವರು ಬರೆದು ಇಪ್ಪತ್ತು ವರ್ಷವಾಗಿತ್ತು. ಬರೆದವರಲ್ಲಿ ಅದೇ ವಿದ್ಯಾ ಅರಂಕಲ್ಲೆ ಅವರ ಹೆಸರೂ ಇದೆ.

ಲ್ಯಾಬ್‌ನ ವಿಜ್ಞಾನಿಗಳು ನೇರವಾಗಿ ಟಿವಿ ಮುಂದೆ ಬರುವಂತಿಲ್ಲ. ಮಾದರಿ ಕಳಿಸಿದ ಆಸ್ಪತ್ರೆ, ರಾಜ್ಯದ ಆರೋಗ್ಯ ಇಲಾಖೆ, ಐಸಿಎಂಆರ್ ದಾರಿಯಲ್ಲೇ ವರದಿ ಹೊರಬರಬೇಕು. ಗಾಬರಿ ತಡೆಯಲು ಅದು ಒಳ್ಳೆಯದೇ. ಆದರೆ ಗೊತ್ತಿರುವವರು ಮಾತಾಡದಿದ್ದಾಗ ಗೊತ್ತಿಲ್ಲದವರ ವಾಟ್ಸಾಪ್ ಮೆಸೇಜ್ ಆ ಜಾಗ ತುಂಬುತ್ತದೆ.

ನವೆಂಬರ್ ಬಂದರೆ

ಮಂಗನ ಕಾಯಿಲೆಯ ಸೀಸನ್ ನವೆಂಬರ್ ಕೊನೆಗೆ ಶುರುವಾಗಿ ಮೇವರೆಗೆ ನಡೆಯುತ್ತದೆ. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು ಅದನ್ನು ನಿಲ್ಲಿಸಲಾಗಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸದನ್ನು ತಯಾರಿಸುತ್ತಿವೆ. ಅದು ಕೈಗೆ ಬರುವವರೆಗೆ ಡೇಪಾ ತೈಲ, ಉದ್ದ ತೋಳಿನ ಅಂಗಿ, ಮನೆಗೆ ಬಂದು ಬಿಸಿನೀರಿನ ಸ್ನಾನ, ಮಂಗ ಸತ್ತಿದ್ದು ಕಂಡರೆ ಆರೋಗ್ಯ ಕೇಂದ್ರಕ್ಕೆ ಫೋನ್, ಇಷ್ಟೇ ಆಯುಧ.

ಊರಿಂದ ಪುಣೆಗೆ ಫೋನ್ ಮಾಡುವವರಿಗೂ ಒಂದು ಮಾತು. ಎನ್‌ಐವಿಯ ಬಾಗಿಲಿಗೆ ಹೋಗಿ ವಿಚಾರಿಸಿದರೆ ಯಾರೂ ಏನೂ ಹೇಳುವುದಿಲ್ಲ, ಹೇಳುವಂತೆಯೂ ಇಲ್ಲ. ಮಾದರಿ ಕಳಿಸಿದ ಆಸ್ಪತ್ರೆಯಲ್ಲೇ ಕೇಳಿ. ಜ್ವರ ಬಂದು ಎಷ್ಟನೇ ದಿನಕ್ಕೆ ರಕ್ತ ತೆಗೆದರು? ಮಾಡಿದ್ದು ಪಿಸಿಆರೋ ಎಲೈಸಾವೋ? ವರದಿ ‘ಇಲ್ಲ’ ಎಂದು ಬಂದಿದ್ದರೆ, ಇನ್ನೊಂದು ಸಲ ರಕ್ತ ತೆಗೆಯುತ್ತಾರಾ?